ಗಾಜಿನ ತೊಲೆಯಲ್ಲಿ ಇನ್ನೆರಡು ತೂತು

ಕಂಬವಿಲ್ಲ, ಕಬ್ಬಿಣವಿಲ್ಲ. ಗೋಡೆಯೂ ಗಾಜು, ಸೂರೂ ಗಾಜು, ಸೂರನ್ನು ಹೊರುವ ತೊಲೆಯೂ ಗಾಜು. ಇಂದುಜಾ ಇಷ್ಟನ್ನೂ ಚೊಕ್ಕ ತಮಿಳಿನಲ್ಲಿ ವಿವರಿಸಿ, ಊಟದ ಮೇಜಿನ ಮೇಲೆ ಹರಡಿದ್ದ ನಕ್ಷೆಯಿಂದ ತಲೆಯೆತ್ತಿ ಮನೆಯ ಯಜಮಾನನ ಮುಖ ನೋಡಿದಳು.

ಯಜಮಾನನೆಂದರೆ ಮೋಹನ್ ರಾಜ್. ಗಾಂಧಿಪುರಂನಲ್ಲಿ ಸೀರೆ ಅಂಗಡಿ, ಆರ್.ಎಸ್. ಪುರಂನಲ್ಲಿ ಈ ಮನೆ, ಎರಡಕ್ಕೂ ಒಪ್ಪುವಷ್ಟು ಜಂಬ. ಅವನು ನಕ್ಷೆ ನೋಡಿದ, ಅವಳನ್ನು ನೋಡಿದ, ಆಮೇಲೆ ತಾಯಿ ಮುತ್ತಮ್ಮಾಳ್ ಕಡೆ ಬಾಗಿ ಮನೆಮಾತಿನಲ್ಲಿ ಪಿಸುಗುಟ್ಟಿದ.

“ಅಮ್ಮಾ, ಈ ಹುಡುಗಿ ಗಾಜಿನ ಮೇಲೆ ಗಾಜು ನಿಲ್ಲಿಸ್ತಾಳಂತೆ. ನಿನ್ ತಲೆ ಮೇಲೆ ಬಿದ್ರೆ ಯಾರ್ನ ಕೇಳೋದು? ಕಣ್ಣು ಮಾತ್ರ ಬಲೇ ಚೆಂದ ಇದೆ.”

ಆ ತಮಿಳು ಊರಿನ ಕನ್ನಡದವರಿಗೆ ಇದೊಂದು ಧೈರ್ಯ. ಬೀದಿಗೆ ತಮಿಳು, ವ್ಯಾಪಾರಕ್ಕೆ ತಮಿಳು, ಹೊರಗಿನವರ ಮುಂದೆ ಗುಟ್ಟು ಹೇಳಲು ಮಾತ್ರ ಕನ್ನಡ.

“ಬೀಳಲ್ಲ,” ಎಂದಳು ಇಂದುಜಾ, ನಕ್ಷೆ ಸುತ್ತುತ್ತ, ಅದೇ ಕನ್ನಡದಲ್ಲಿ. “ಬೇಕಾದ್ರೆ ಮೊದ್ಲು ನಿಮ್ಮನ್ನೇ ಮೇಲೆ ಹತ್ತಿಸಿ ನೋಡಣ. ನಮ್ಮನೇಲೂ ಕನ್ನಡಾನೇ, ನಾನು ಕಾರಮಡೈ ಗೌಡ್ರ ಮನೆಯೋಳು. ಕಣ್ಣಿನ ವಿಷಯಕ್ಕೆ ಥ್ಯಾಂಕ್ಸ್.”

ಮುತ್ತಮ್ಮಾಳ್ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮೋಹನ್ ರಾಜ್ ಕಿವಿಯವರೆಗೂ ಕೆಂಪಾದ. ಕೆಲಸ ಅವಳಿಗೇ ಸಿಕ್ಕಿತು.

ಕಟ್ಟಬೇಕಾದದ್ದು ಮನೆಯ ಹಿತ್ತಿಲಿಗೆ ಅಂಟಿಕೊಂಡ ಒಂದೇ ಕೋಣೆ. ಅಲ್ಲಿ ಹಳೆಯ ಹೆಂಚಿನ ಚಪ್ಪರದ ಕೆಳಗೆ ಮುತ್ತಮ್ಮಾಳ್ ಅವರ ಕುಳಿಮಗ್ಗವಿತ್ತು. ನೆಲ ತೋಡಿದ ಕುಳಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ, ಕದಲಿಸುವಂತಿಲ್ಲ. ಅದರಲ್ಲಿ ನೇಯ್ದ ಸೀರೆಗಳಿಂದಲೇ ಆ ಅಂಗಡಿ ಹುಟ್ಟಿದ್ದು. ಅಮ್ಮನ ಮಗ್ಗ ಊರಿಗೆಲ್ಲ ಕಾಣಬೇಕು ಎನ್ನುವುದು ಮಗನ ಆಸೆ.

ಇಂದುಜಾಗೂ ಆಸೆಯಿತ್ತು. ಚೆನ್ನೈನ ದೊಡ್ಡ ಗಾಜಿನ ಕಂಪನಿ ಬಿಟ್ಟು ಬಂದಾಗ ಎಲ್ಲರೂ ‘ಬಾತ್‌ರೂಮಿಗೆ ಗಾಜಿನ ಬಾಗಿಲು ಮಾಡ್ಕೊಂಡು ಇರು, ಸಾಕು’ ಎಂದಿದ್ದರು. ಇದು ಅವಳ ಸ್ವಂತ ಹೆಸರಿನಲ್ಲಿ ಎದ್ದು ನಿಲ್ಲುವ ಮೊದಲ ಕೋಣೆ. ಅವಳಿಗೆ ತನ್ನ ಕೆಲಸದ ಮೇಲೆ ಗರ್ವವಿತ್ತು, ಅದನ್ನು ಮುಚ್ಚಿಡುವ ಅಭ್ಯಾಸವಿರಲಿಲ್ಲ.

ಅವಿನಾಶಿ ರಸ್ತೆಯ ಅವಳ ವರ್ಕ್‌ಶಾಪಿಗೆ ಮೋಹನ್ ರಾಜ್ ಏನೋ ಒಂದು ನೆಪ ಹೊತ್ತು ಬರತೊಡಗಿದ. ಗಾಜಿನ ಬಣ್ಣ ನೋಡಬೇಕು, ಬಿಸಿಲಿಗೆ ರೇಷ್ಮೆ ಮಾಸದಂಥ ಪದರ ನೋಡಬೇಕು. ಒಮ್ಮೆ ಅವಳು ಹೇಳಿದಂತೆಯೇ ಅವನನ್ನು ಗಾಜಿನ ತೊಲೆಯ ಮೇಲೆ ಹತ್ತಿಸಿ ನಿಲ್ಲಿಸಿದಳು. ತೊಲೆ ಅಲುಗಲಿಲ್ಲ. ಅವನು ಮಾತ್ರ ಎರಡೂ ಕೈ ಚಾಚಿ ಸರ್ಕಸ್ಸಿನವನಂತೆ ನಿಂತ.

“ನಗಬೇಡಿ,” ಎಂದ ಮೇಲಿನಿಂದ.

“ನಾನೆಲ್ಲಿ ನಕ್ಕೆ?”

“ಬಾಯಿ ನಗ್ತಿಲ್ಲ. ಕಣ್ಣು ನಗ್ತಾ ಇದೆ.”

ಅವನು ಮುಟ್ಟಿದ ಗಾಜಿನ ಮೇಲೆಲ್ಲ ಬೆರಳಚ್ಚು ಉಳಿಯುತ್ತಿತ್ತು. ಅವನು ಹೋದ ಮೇಲೆ ಅವಳೇ ಬಟ್ಟೆ ಹಿಡಿದು ಒರೆಸುತ್ತಿದ್ದಳು. ಒಂದು ತುಂಡಿನ ಮೇಲಿನದನ್ನು ಮಾತ್ರ ಒರೆಸದೆ ತನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದಳು. ಅಷ್ಟರಮಟ್ಟಿಗೆ ಹುಡುಗಿ ಸೋತಿದ್ದಳು. ಆದರೆ ಮೊದಲು ಬಾಯಿಬಿಡುವುದು ಅವನೇ ಆಗಲಿ ಎಂದು ಅವಳಿಗೆ ಹಟ, ಅವಳೇ ಆಗಲಿ ಎಂದು ಅವನಿಗೆ.

ಒಂದು ಮಾತನ್ನು ಮಾತ್ರ ಅವಳು ಅವನಿಗೆ ಬಿಡಿಸಿ ಹೇಳಿದ್ದಳು. “ಫರ್ನೇಸ್‌ಗೆ ಹೋಗಿ ಗಟ್ಟಿಯಾಗಿ ಬಂದ ಗಾಜಿಗೆ ಆಮೇಲೆ ತೂತು ಹಾಕಕ್ಕಾಗಲ್ಲ. ಡ್ರಿಲ್ ತಾಗಿದ್ರೆ ಪೂರಾ ಪುಡಿಪುಡಿ. ಮೇಲಿಂದ ಏನಾದ್ರೂ ತೂಗು ಹಾಕೋದಿದ್ರೆ ಈಗ್ಲೇ ಹೇಳಿ.”

“ಏನೂ ಇಲ್ಲ. ಕ್ಲೀನಾಗಿರಲಿ.”

“ಮಗ್ಗದ ಹಗ್ಗ?”

“ಅದನ್ನ ನಾನು ನೋಡ್ಕೋತೀನಿ. ಮಗ್ಗದ ಮನೇಲಿ ಹುಟ್ಟಿದೋನು ನಾನು.”

ತೊಲೆಗಳು ಫರ್ನೇಸಿಗೆ ಹೊರಡುವ ಹಿಂದಿನ ದಿನ ಇಂದುಜಾ ಕೊನೆಯ ಅಳತೆಗೆಂದು ಹಿತ್ತಿಲಿಗೆ ಹೋದಳು. ಮುತ್ತಮ್ಮಾಳ್ ಕುಳಿಯಲ್ಲಿ ಕೂತು ನೇಯುತ್ತಿದ್ದರು. ಅವರು ಕಾಲು ಒತ್ತಿದಂತೆಲ್ಲ ಮೇಲಿನ ತೊಲೆಗೆ ಬಿಗಿದಿದ್ದ ಹಗ್ಗಗಳು ಏರಿಳಿಯುತ್ತಿದ್ದವು.

“ಕಣ್ಣು, ನಿನ್ನ ಕಣ್ಣಾಡಿ ಮನೇಲಿ ಈ ಕಯಿರು ಎಲ್ಲಿ ಕಟ್ಟೋದು?” ಎಂದು ಹಗ್ಗ ತೋರಿಸಿ ಕೇಳಿ, ಮಗ್ಗ ತಟ್ಟಿದರು. “ಮೇಲಿಂದ ಹಿಡೀದೆ ಈ ತರಿ ಓಡಲ್ಲ. ಹೊಸ ಮನೇಲಿ ಮೊದ್ಲ ಸೀರೆಗೆ ನೀಲಿ ನೂಲು ಎತ್ತಿಟ್ಟಿದೀನಿ.”

ನಕ್ಷೆಯ ತೊಲೆಯಲ್ಲಿ ಒಂದು ತೂತೂ ಇರಲಿಲ್ಲ; ಇಂದುಜಾ ಅಳತೆ ಪಟ್ಟಿ ಸುತ್ತಿಟ್ಟಳು. ಸೀದಾ ಗಾಂಧಿಪುರಂಗೆ ಹೋಗಿ ಅಂಗಡಿಯಲ್ಲಿದ್ದ ಮೋಹನ್ ರಾಜ್‌ನನ್ನು ಕೇಳಿದಳು.

“ಹಗ್ಗ ಕಟ್ಟಲ್ಲ,” ಎಂದ ಅವನು, ದನಿ ತಗ್ಗಿಸಿ. “ಅಮ್ಮನ ಮಂಡಿ ಸವೆದಿದೆ. ನೇಯ್ದಿದ್ದು ಸಾಕು. ಮಗ್ಗ ಹಾಗೇ ನಿಂತಿರಲಿ, ಬಂದೋರು ನೋಡಲಿ.”

“ಅಮ್ಮನ್ನ ಕೇಳಿದ್ರಾ?”

“ಅಪ್ಪುರಂ, ಎಲ್ಲಾ ಮುಗಿದ್ಮೇಲೆ ಹೇಳಿದ್ರಾಯ್ತು.”

ಇಂದುಜಾ ತಮಿಳಿಗೆ ತಿರುಗಿದಳು. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅವನನ್ನು ‘ಸಾರ್’ ಎಂದಳು. ನಾನು ಷೋಕೇಸ್ ಮಾಡುವವಳಲ್ಲ ಸಾರ್, ನೇಯುವ ಹೆಂಗಸಿಗೆ ಕೋಣೆ ಕಟ್ಟುತ್ತಿದ್ದೇನೆ ಎಂದಳು. ಅವರನ್ನು ಕೇಳುವವರೆಗೂ ಗಾಜು ಫರ್ನೇಸಿಗೆ ಹೋಗುವುದಿಲ್ಲ ಎಂದಳು.

“ಮನೆ ನಂದು,” ಎಂದ ಅವನು, ಬಿಗುಮಾನದಿಂದ.

“ತೊಲೆ ನನ್ನದು,” ಎಂದು ತಮಿಳಿನಲ್ಲೇ ಹೇಳಿ ಹೊರಟುಬಿಟ್ಟಳು.

ಹೊರಗೆ ಬಸ್ಸುಗಳ ಗಲಾಟೆಯಲ್ಲಿ ಒಂದು ಗಳಿಗೆ ನಿಂತಳು. ಮೊದಲ ಕೆಲಸ ಕೈಬಿಟ್ಟು ಹೋಗಬಹುದು, ಅದರ ಜೊತೆಗೆ ಅವನೂ. ಎರಡೂ ಅವಳಿಗೆ ಬೇಕಾಗಿದ್ದವು. ಆದರೂ ತಿರುಗಿ ಒಳಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ವರ್ಕ್‌ಶಾಪಿನ ಮುಂದೆ, ತೊಲೆ ಒಯ್ಯಬೇಕಿದ್ದ ಲಾರಿ ಖಾಲಿಯಾಗಿಯೇ ನಿಂತಿತ್ತು. ಅದರ ಹಿಂದೆ ಬಂದ ಕಾರಿನಿಂದ ಮೊದಲು ಇಳಿದದ್ದು ಹಗ್ಗದ ಸಿಂಬಿ ಹಿಡಿದ ಮುತ್ತಮ್ಮಾಳ್.

“ಇವ್ನು ರಾತ್ರಿಯೆಲ್ಲ ಮುಖ ಊದಿಸ್ಕೊಂಡಿದ್ದ, ಬೆಳಿಗ್ಗೆ ಕೇಳ್ದ,” ಎಂದರು. “ನನ್ ಮಂಡಿ ಇವ್ನಿಗೆ ಕಾಣ್ತದೆ, ನನ್ ಕೈ ಕಾಣಲ್ಲ. ಸುಮ್ನೆ ನಿಂತ ತರೀನ ನೋಡಕ್ಕೆ ಯಾರು ಬರ್ಬೇಕು? ಓಡೋ ತರೀನ ನೋಡ್ಲಿ!”

ಅವರು ನೆಟ್ಟಗೆ ನಿಂತ ರೀತಿಯಲ್ಲೇ ಅರಸಿಯ ಗತ್ತಿತ್ತು.

“ಕುಳಿಗೆ ಇಳಿಯೋಕೆ ಮೆಟ್ಟಿಲು ಕಟ್ಟಿಕೊಡ್ತೀನಮ್ಮ,” ಎಂದಳು ಇಂದುಜಾ. “ಹಿಡ್ಕೊಳ್ಳೋಕೆ ಕಂಬೀನೂ. ಮಂಡಿಗೆ ಅಷ್ಟು ಸಾಕಲ್ವಾ?”

ಮೋಹನ್ ರಾಜ್ ಮುಂದೆ ಬಂದ. “ತಪ್ಪು ನಂದೇ. ಅಮ್ಮನ ಬಗ್ಗೆ ನಂಗೆ ಭಾರಿ ಹೆಮ್ಮೆ. ಅದನ್ನ ಊರಿಗೆ ತೋರಿಸೋ ಅವಸರದಲ್ಲಿ ಅವಳನ್ನೇ ಕೇಳದೆ ಹೋದೆ.”

ಮೂವರೂ ಸೇರಿ ಹಗ್ಗ ಹಿಡಿದು ಅಳೆದರು. ಇಂದುಜಾ ತೊಲೆಯ ಮೇಲೆ ಮಾರ್ಕರಿನಿಂದ ನಾಲ್ಕು ಗುಂಡು ಗುರುತು ಹಾಕಿದಳು. ಆಗ ಮೋಹನ್ ರಾಜ್ ಅವಳ ಕೈಯಿಂದ ಮಾರ್ಕರ್ ತೆಗೆದುಕೊಂಡು ಪಕ್ಕದ ತೊಲೆಯ ಮೇಲೆ ಇನ್ನೆರಡು ಬರೆದ.

“ಇದೇನು?”

“ಊಂಜಲ್‌ಗೆ.”

ಊಂಜಲ್ ಎಂದರೆ ಮದುವೆಯಲ್ಲಿ ಹೆಣ್ಣುಗಂಡನ್ನು ಜೊತೆಗೆ ಕೂರಿಸಿ, ಹಾಡು ಹೇಳಿ ತೂಗುವ ಉಯ್ಯಾಲೆ. ಇಂದುಜಾಗೆ ಅದು ಗೊತ್ತಿರಲಿಲ್ಲವೆಂದಲ್ಲ.

“ಯಾರ ಮದುವೆ?”

“ಫರ್ನೇಸ್‌ಗೆ ಹೋದ ಮೇಲೆ ಹೇಳಿದ್ರೆ ಆಗಲ್ಲ ಅಂತ ನೀವೇ ತಾನೇ ಹೇಳಿದ್ದು? ಅದಕ್ಕೇ ಈಗ್ಲೇ ಹೇಳ್ತಿದೀನಿ. ನೀವು ನಂಗೆ ಬೇಕು ಇಂದುಜಾ. ನಿನ್ನೆ ನೀವು ‘ಸಾರ್’ ಅಂದ್ರಲ್ಲ, ಆವಾಗಿಂದ ಊಟ ಇಳಿದಿಲ್ಲ.”

ಮುತ್ತಮ್ಮಾಳ್ ಆ ಕಡೆ ತಿರುಗಿ, ನಿಲ್ಲಿಸಿದ್ದ ಗಾಜೊಂದರಲ್ಲಿ ಕೂದಲು ಸರಿಮಾಡಿಕೊಳ್ಳತೊಡಗಿದರು. ಆ ಗಾಜಿನಲ್ಲಿ ಇಬ್ಬರೂ ಚೆನ್ನಾಗಿ ಕಾಣುತ್ತಿದ್ದರು.

ಇಂದುಜಾ ಕ್ಯಾಲ್ಕ್ಯುಲೇಟರ್ ಕೈಗೆತ್ತಿಕೊಂಡಳು. ತಲೆಯೆತ್ತಲಿಲ್ಲ.

“ಎಷ್ಟು ಜನ ಕೂರ್ತಾರೆ?”

“ಇಬ್ರು.”

“ನಿಮ್ಮ ತೂಕ?”

“ಎಪ್ಪತ್ತಾರು.”

“ಇನ್ನೊಬ್ರದ್ದು?”

“ಅದನ್ನ ನೀವೇ ಹೇಳ್ಬೇಕು.”

ಅವಳು ಈಗ ತಲೆಯೆತ್ತಿದಳು. ಮೊದಲ ದಿನ ಅವನು ಹೊಗಳಿದ್ದ ಆ ಕಣ್ಣುಗಳಲ್ಲಿ ನೀರಿತ್ತು, ನಗುವೂ ಇತ್ತು.

“ಐವತ್ತೆಂಟು,” ಎಂದಳು, ಕನ್ನಡದಲ್ಲಿ. “ಈ ತೊಲೆ ಇವತ್ತು ಹೋಗಲ್ಲ, ಇನ್ನೊಂದು ಪದರ ಸೇರಿಸ್ಬೇಕು. ಮುಂದೆ ಮಕ್ಕಳೂ ಹತ್ತಿ ಕುಣೀತಾರೆ.”

ಮೋಹನ್ ರಾಜ್ ಮತ್ತೆ ಕಿವಿಯವರೆಗೂ ಕೆಂಪಾದ.

ಹೊಸ ಕೋಣೆಯಲ್ಲಿ ಮೊದಲು ನೇಯ್ದದ್ದು ಆ ನೀಲಿ ಸೀರೆ. ಅದನ್ನುಟ್ಟು ಇಂದುಜಾ ಊಂಜಲಿನಲ್ಲಿ ಅವನ ಪಕ್ಕ ಕೂತಳು; ತೊಲೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಪಕ್ಕದ ಮನೆಯ ರುಕ್ಮಣಿ ಈಗಲೂ ಬಂದಾಗಲೆಲ್ಲ ಕತ್ತೆತ್ತಿ ನೋಡಿ, ಕಂಬವೇ ಇಲ್ಲದೆ ಇದು ಹೇಗೆ ನಿಂತಿದೆ ಎಂದು ಕೇಳುತ್ತಾರೆ.

ಮುತ್ತಮ್ಮಾಳ್ ಲಾಳಿ ನಿಲ್ಲಿಸುವುದಿಲ್ಲ. “ನನ್ ಸೊಸೆ ನಿಲ್ಲಿಸಿದಾಳೆ,” ಎನ್ನುತ್ತಾರೆ.