ಹನ್ನೆರಡು ಹೆಜ್ಜೆ ಹಿಂದೆ

"ಮಗು ಬಿದ್ದಿದೆ, ನೀವು ನಿಂತು ನೋಡ್ತಿದ್ದೀರಾ?"

ಬೆನ್ನ ಹಿಂದಿನಿಂದ ಬಂದ ಆ ಮಾತಿಗೆ ಟೀಚರ್ ತಿರುಗುವಷ್ಟರಲ್ಲಿ ಅವನು ಅವಳನ್ನು ದಾಟಿ ಓಡಿದ್ದ. ಓಡುವ ಭರದಲ್ಲಿ ಅಂಗಡಿ ಮುಂದಿನ ಬಕೆಟ್ಟನ್ನು ಒದ್ದು ಉರುಳಿಸಿದ. ರಸ್ತೆ ಬದಿಯ ಸೈಕಲ್ಲಿಗೆ ಎಡವಿ ಬಿದ್ದಿದ್ದ ಹತ್ತು ವರ್ಷದ ಹುಡುಗಿಯನ್ನು ಎತ್ತಿ ಎದೆಗೆ ಅವಚಿಕೊಂಡ.

"ಮಾವ, ಕೆಳಗಿಳಿಸು," ಎಂದಳು ಹುಡುಗಿ ಮುಖ ಸಿಂಡರಿಸಿಕೊಂಡು. "ಅರ್ಧ ದಾರಿ ಬಂದಿದ್ದೆ. ಎಲ್ಲಾ ಹಾಳು ಮಾಡಿದೆ."

ಅಂಧ ಮಕ್ಕಳ ಶಾಲೆಯವರೆಲ್ಲ ಚೂಟಿ ಎಂದು ಕರೆಯುವ ಆ ಹುಡುಗಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಬಿಳಿ ಕೋಲು ಹಿಡಿದು ಶಾಲೆಯ ಗೇಟಿನಿಂದ ಬ್ರೆಡ್ಡಿನ ಅಂಗಡಿಯವರೆಗೆ ಒಬ್ಬಳೇ ಹೋಗುವುದು ಆ ದಿನದ ಪಾಠ. ಕಲಿಸುವವಳು ಸದ್ದಾಗದ ಚಪ್ಪಲಿ ಹಾಕಿಕೊಂಡು ಹನ್ನೆರಡು ಹೆಜ್ಜೆ ಹಿಂದೆ ನಡೆಯಬೇಕು. ವಾಹನ ಮೈಮೇಲೆ ಬರದ ಹೊರತು ಮಗುವನ್ನು ಮುಟ್ಟುವಂತಿಲ್ಲ. 'ಟೀಚರ್, ಇದ್ದೀರಾ?' ಎಂದು ಮಗು ಕೂಗಿದರೂ ಅಂಗಡಿ ಮುಟ್ಟುವವರೆಗೆ ಉತ್ತರ ಕೊಡುವಂತಿಲ್ಲ. ಒಮ್ಮೆ ಉತ್ತರ ಸಿಕ್ಕಿತೋ, ಮಗು ಕೋಲನ್ನು ಬಿಟ್ಟು ಆ ದನಿಯನ್ನೇ ನಂಬಿಕೊಂಡು ಬಿಡುತ್ತದೆ.

ಈ ಕೆಲಸದ ಹನ್ನೊಂದು ವರ್ಷದಲ್ಲಿ ಟೀಚರ್ ಒಮ್ಮೆಯೂ ಉತ್ತರ ಕೊಟ್ಟಿರಲಿಲ್ಲ. ಎಷ್ಟೋ ಮಕ್ಕಳು ನಡುದಾರಿಯಲ್ಲಿ ನಿಂತು ಅತ್ತಿದ್ದವು... ಹನ್ನೆರಡು ಹೆಜ್ಜೆ ಹಿಂದೆ ನಿಂತು ಅವಳೂ ಅತ್ತಿದ್ದಳು, ಸದ್ದಿಲ್ಲದೆ.

"ನಿಮ್ಮದು ಕಲ್ಲಿನ ಮನಸ್ಸು," ಎಂದು ಹೇಳಿ ಅವನು ಹುಡುಗಿಯನ್ನು ಕರೆದುಕೊಂಡು ಹೋಗಿಬಿಟ್ಟ.

ಕಲ್ಲು ಎನ್ನಿಸಿಕೊಂಡವಳು ಆ ಮಧ್ಯಾಹ್ನ ಊಟ ಮಾಡಲಿಲ್ಲ.

ಮರುವಾರ ಪೋಷಕರ ತರಬೇತಿಗೆ ಅವನೂ ಬಂದ. ಅವನದು ಗಡಿಯಾರ ರಿಪೇರಿ ಅಂಗಡಿ. ನಾಲ್ಕು ವರ್ಷದ ಹಿಂದೆ ಅಕ್ಕ ತೀರಿಹೋದ ಮೇಲೆ ಅವಳ ಮಗಳು ಚೂಟಿಗೆ ತಂದೆ, ತಾಯಿ ಎಲ್ಲಾ ಅವನೇ. ತರಬೇತಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಕಾರಿಡಾರಿನಲ್ಲಿ ನಡೆಸುತ್ತಾರೆ. ಮೀಸೆ ತಿರುವುವ ಅಪ್ಪಂದಿರೂ ಆಗ ಗೋಡೆಗೆ ಹಲ್ಲಿಯಂತೆ ಅಂಟಿಕೊಳ್ಳುತ್ತಾರೆ. ಅವನು ಮಾತ್ರ ಕೋಲನ್ನು ಎಡಗೈಗೆ ತೆಗೆದುಕೊಂಡು ಕೊನೆಯ ಬಾಗಿಲಿನವರೆಗೆ ಹೋಗಿ, ಸಲೀಸಾಗಿ ತಿರುಗಿ ಬಂದ. ಇಷ್ಟು ಚೆನ್ನಾಗಿ ಯಾರೂ ಮಾಡಿಲ್ಲ ಎಂದು ಟೀಚರ್ ಹೊಗಳಿದಳು. ಅವನು ನಗಲಿಲ್ಲ. ಅಂದು ರಸ್ತೆಯಲ್ಲಿ ಆಡಿದ ಮಾತಿಗೆ ತಲೆ ತಗ್ಗಿಸಿ ಕ್ಷಮೆ ಕೇಳಿದ.

ಆಮೇಲೆ ಶನಿವಾರಗಳು ಶುರುವಾದವು. ಶಾಲೆಯ ಗೋಡೆಯಲ್ಲಿ ವರ್ಷಗಳಿಂದ ನಿಂತುಹೋಗಿದ್ದ ಗಡಿಯಾರವನ್ನು ಅವನು ಕಿಟಕಿಯ ಬೆಳಕಿನಲ್ಲಿ ಬಿಚ್ಚಿ ಕೂರುತ್ತಿದ್ದ. ಸಾಸಿವೆಗಿಂತ ಚಿಕ್ಕ ಸ್ಕ್ರೂವನ್ನು ಚಿಮಟದಲ್ಲಿ ಎತ್ತುವಾಗ ಅವನ ಕೈ ಎಳ್ಳಷ್ಟೂ ನಡುಗುತ್ತಿರಲಿಲ್ಲ. ಒಂದೇ ಗಡಿಯಾರಕ್ಕೆ ಆರು ಶನಿವಾರ ಯಾಕೆ ಬೇಕಾಯಿತು ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೂವತ್ತನಾಲ್ಕು ವರ್ಷದ ಅವಳಿಗೆ ವಾರ ಎಂದರೆ ಶನಿವಾರ ಮಾತ್ರ ಎನ್ನುವಂತಾಗಿತ್ತು. ಪ್ರೀತಿ ಅಂದರೆ ಇದೇ ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಒಂದೇ ಒಂದು ಕೊರಗು. ಹೊತ್ತು ಇಳಿಯುವ ಮೊದಲೇ ಅವನು ತಟ್ಟನೆ ಎದ್ದು ಹೊರಟುಬಿಡುತ್ತಿದ್ದ.

ಕೊನೆಗೆ ಅವಳೇ ಧೈರ್ಯ ಮಾಡಿ ನಾಳೆ ಸಂಜೆ ಆರಕ್ಕೆ ಪಾರ್ಕಿಗೆ ಬನ್ನಿ, ಮಾತಾಡುವುದಿದೆ ಎಂದಳು. ಅವನು ಕಿಟಕಿಯಾಚೆಯ ಬೆಳಕನ್ನು ನೋಡಿ, ಬರುತ್ತೇನೆ ಎಂದ.

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ದೀಪಗಳು ಹೊತ್ತಿಕೊಂಡವು... ಅವನು ಬರಲೇ ಇಲ್ಲ.

ಎರಡು ದಿನದ ನಂತರ ತರಕಾರಿ ಮಾರ್ಕೆಟ್ಟಿನಲ್ಲಿ ಅವನು ಸಿಕ್ಕಿದ. ಅವನ ಪಕ್ಕದಲ್ಲೇ, ಎರಡು ಮೊಳ ದೂರದಲ್ಲಿ, ಅವಳು ಕೈ ಎತ್ತಿ ನಿಂತಳು. ಅವನು ನೇರ ಮುಂದೆ ನೋಡುತ್ತಾ ಹೊರಟುಹೋದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ತಲೆಗೂದಲು ಸರಿಮಾಡಿಕೊಂಡಳು.

'ಮುಖ ನೋಡುವುದೂ ಬೇಡವಾಯಿತೇ...'

ಶನಿವಾರ ಅವನು ಬರಲಿಲ್ಲ. ನಡೆಯುವಂತಾಗಿದ್ದ ಗಡಿಯಾರದ ಸದ್ದು ಕೇಳಲಾರದೆ ಅವಳು ತನ್ನ ಮೇಜನ್ನು ಬೇರೆ ಕೋಣೆಗೆ ಹಾಕಿಸಿಕೊಂಡಳು. ಮೂರು ವಾರ ಹಾಗೇ ಹೋಯಿತು.

ನಾಲ್ಕನೆಯ ವಾರ ಚೂಟಿಯ ಕೋಲನ್ನು ಪರೀಕ್ಷಿಸುವಾಗ ಅವಳಿಗೆ ಸಿಟ್ಟು ಬಂತು. ಕೋಲಿನ ತುದಿಗೆ ಹಾಕುವ ನೈಲಾನ್ ಟೊಪ್ಪಿ ಮೂರು ತಿಂಗಳು ಬಾಳಬೇಕು. ಹೊಸದು ಹಾಕಿ ತಿಂಗಳೂ ಆಗಿಲ್ಲ, ಆಗಲೇ ಸವೆದು ಹೋಗಿದೆ. ಕೋಲನ್ನು ನೆಲಕ್ಕೆ ಉಜ್ಜುತ್ತೀಯಾ ಎಂದು ಗದರಿದಳು. ಚೂಟಿ ತುಟಿ ಬಿಗಿಹಿಡಿದು ನಿಂತಳು.

ಟೀಚರ್ ಟೊಪ್ಪಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು. ಚೂಟಿ ಬಲಗೈಯವಳು. ಸವೆದ ಬದಿ ನೋಡಿದರೆ ಕೋಲು ಹಿಡಿದದ್ದು ಎಡಗೈ.

ಕಾರಿಡಾರಿನಲ್ಲಿ ಕೋಲನ್ನು ಎಡಗೈಗೆ ತೆಗೆದುಕೊಂಡವನು ನೆನಪಾಗಿ, ಇದನ್ನು ಬೇರೆ ಯಾರು ಬಳಸುತ್ತಾರೆ ಎಂದು ಕೇಳಿದಳು.

"ಹೇಳಬೇಡ ಅಂದಿದ್ದಾನೆ," ಎಂದು ಚೂಟಿ ಅಳತೊಡಗಿದಳು. "ಮಾವ ಸಂಜೆ ನನ್ನ ಕೋಲು ತಗೊಂಡು ಹಿಂದಿನ ಗಲ್ಲೀಲಿ ನಡೀತಾನೆ. ಕತ್ತಲಾದ್ರೆ ಅವನಿಗೆ ಏನೂ ಕಾಣಲ್ಲ. ಪಕ್ಕದಲ್ಲಿ ನಿಂತೋರು ಹಗಲಲ್ಲೂ ಕಾಣಲ್ಲ. ಅಮ್ಮಂಗೂ ಹೀಗೇ ಆಗಿತ್ತಂತೆ."

ಉರುಳಿದ ಬಕೆಟ್ಟು, ಹೊತ್ತಿಳಿಯುವ ಮೊದಲಿನ ಆ ಅವಸರ, ಮಾರ್ಕೆಟ್ಟು... ಎಲ್ಲವೂ ಒಮ್ಮೆಲೇ ಅರ್ಥವಾದವು. ಅಂಚಿನಿಂದ ಕವಿದುಕೊಂಡು ಬರುವ ಈ ಕತ್ತಲೆಯ ಬಗ್ಗೆ ಅವಳು ಬೇರೆ ಟೀಚರುಗಳಿಗೆ ಪಾಠ ಹೇಳಿದ್ದವಳು. ನಡುವಿನ ನೋಟ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ, ಅಲ್ಲಿಯವರೆಗೆ ಸಾಸಿವೆಯಷ್ಟು ಸ್ಕ್ರೂ ಕಾಣುತ್ತದೆ, ಪಕ್ಕದಲ್ಲಿ ನಿಂತ ಹೆಂಗಸು ಕಾಣುವುದಿಲ್ಲ. ಕಣ್ಣಿದ್ದೂ ಕುರುಡಿಯಾದವಳು ನಾನು ಎಂದು ಅವಳು ತನ್ನನ್ನೇ ಶಪಿಸಿಕೊಂಡಳು.

ಶಾಲೆಯ ಕಪಾಟಿನಿಂದ ದೊಡ್ಡವರ ಕೋಲೊಂದನ್ನು ಆರಿಸಿಕೊಂಡಳು. ನೆಲದಿಂದ ಎದೆಯ ನಡುವಿನವರೆಗೆ ಬರಬೇಕು. ಅವನು ಚಿಮಟ ಸಿಕ್ಕಿಸಿಕೊಳ್ಳುವ ಜೇಬು ಎಷ್ಟು ಎತ್ತರದಲ್ಲಿದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಅವಳು ಹೋದಾಗ ಗಲ್ಲಿಯಲ್ಲಿ ಬೆಳಕು ಮಾಸುತ್ತಿತ್ತು. ಅವನು ನಡೆಯುತ್ತಿದ್ದ. ಮಗುವಿನ ಗಿಡ್ಡ ಕೋಲಿಗಾಗಿ ಸೊಂಟ ಬಾಗಿಸಿಕೊಂಡು, ಮುದುಕನ ಹಾಗೆ. ಅಭ್ಯಾಸಬಲದಿಂದ ಹನ್ನೆರಡು ಹೆಜ್ಜೆ ಹಿಂದೆ ನಿಂತಳು. ಅವನು ಮೋರಿಯ ಕಲ್ಲಿಗೆ ಎಡವಿ ಮಂಡಿಯೂರಿ ಬಿದ್ದ. ಅವಳು ಕದಲಲಿಲ್ಲ. ತಾನೇ ಎದ್ದು ಕೋಲು ಹುಡುಕಿಕೊಂಡ.

"ಟೀಚರ್... ಇದ್ದೀರಾ?"

ಅವಳು ಉಸಿರು ಬಿಗಿಹಿಡಿದಳು. ಅವನು ತಲೆ ವಾಲಿಸಿ ಸ್ವಲ್ಪ ಹೊತ್ತು ಆಲಿಸಿದ.

"ದಿನಾ ಕೇಳೋದೇ ಆಯ್ತು," ಎಂದು ತನಗೇ ಹೇಳಿಕೊಂಡು ಮತ್ತೆ ಬಾಗಿದ.

ದಿನಾ! ದಿನವೂ ಇವನು ಖಾಲಿ ಗಲ್ಲಿಯಲ್ಲಿ ಇದನ್ನೇ ಕೇಳುತ್ತಿದ್ದನೇ? ಹನ್ನೊಂದು ವರ್ಷದ ನಿಯಮ ಅವಳ ಗಂಟಲಲ್ಲೇ ಮುರಿದುಬಿತ್ತು.

"ಇದ್ದೀನಿ."

ಅವನು ನಿಂತಲ್ಲೇ ನಿಂತ. ಆ ಸಂಜೆ ಪಾರ್ಕಿನ ಗೇಟಿನವರೆಗೆ ಬಂದು, ದಾರಿ ಕಾಣದೆ ಅಲ್ಲೇ ಕೂತಿದ್ದು ವಾಪಸ್ಸು ಹೋದೆ ಎಂದು ತಡೆದು ತಡೆದು ಹೇಳಿದ. ಮಾರ್ಕೆಟ್ಟಿನ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ. ಇನ್ನೆರಡು ವರ್ಷವೋ ಮೂರೋ, ಗಡಿಯಾರದ ಕೆಲಸವೂ ಕೈಬಿಡುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ. ಸುಳ್ಳು ಸಮಾಧಾನ ಅವಳ ಬಾಯಿಗೆ ಬರಲಿಲ್ಲ.

"ಯಾಕೆ ಹೇಳಲಿಲ್ಲ?"

"ದಿನವಿಡೀ ಮಕ್ಕಳ ಹಿಂದೆ ನಡೆದು ಸುಸ್ತಾಗಿ ಬರ್ತೀರಿ. ಮನೆಯಲ್ಲೂ ಅದೇ ಕೆಲಸ ಕಾದಿರಬೇಕಾ?"

"ಅಲ್ಲಿ ನಾನು ಬಾಯಿ ಬಿಡೋ ಹಾಗಿಲ್ಲ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತಾ. "ಮನೆಯಲ್ಲಾದ್ರೂ ಕೇಳಿದವರಿಗೆ ಉತ್ತರ ಕೊಡ್ತೀನಿ. ನನಗೆ ನೀವು ಬೇಕು."

ಅವನ ಕೈಯಿಂದ ಮಗುವಿನ ಕೋಲನ್ನು ತೆಗೆದುಕೊಂಡು, ತಂದಿದ್ದ ಕೋಲನ್ನು ಕೊಟ್ಟಳು. ಅವನು ನೆಟ್ಟಗೆ ನಿಂತ. ಕೋಲಿನ ತಲೆ ಸರಿಯಾಗಿ ಜೇಬಿಗೆ ಬಂತು.

"ಯಾವಾಗ ಅಳತೆ ತಗೊಂಡ್ರಿ?"

"ಆರು ಶನಿವಾರ ಮತ್ತೇನು ಮಾಡ್ತಿದ್ದೆ ಅಂದ್ಕೊಂಡ್ರಿ?"

ಅವನು ನಕ್ಕ, ಅಳು ಬೆರೆತ ನಗು. ಆಮೇಲೆ ಮನೆಯ ಕಡೆ ತಿರುಗಿ ಒಬ್ಬನೇ ನಡೆಯತೊಡಗಿದ. ಅವಳು ಹನ್ನೆರಡು ಹೆಜ್ಜೆ ಬಿಟ್ಟಳು. ಕತ್ತಲು ಪೂರ್ತಿ ಇಳಿದಿತ್ತು.

"ಇದ್ದೀರಾ?"

"ಇದ್ದೀನಿ."

"ಪಾಠ ಕೆಡುತ್ತೆ, ಟೀಚರ್."

"ಕೆಡಲಿ. ನಡೀರಿ."