ಬೆಕ್ಕಿನ ಬಟ್ಟಲು

ಬಾಗಿಲು ತೆರೆದ ಸದ್ದಿಗೆ ನಂದಾ ಅಡುಗೆಮನೆಯಿಂದ ಹೊರಬಂದಳು. ಕೈಯಲ್ಲಿ ಬೆಕ್ಕಿನ ನೀರಿನ ಬಟ್ಟಲು.

"ಯಾರ್ರೀ ನೀವು?"

ಬಂದವನು ತನ್ನ ಕೀಲಿಯನ್ನು ಎತ್ತಿ ತೋರಿಸಿದ. "ಶಿವಕಿರಣ್. ಬದರೀನಾಥ್ ಅಂಕಲ್ ಆಫೀಸಿನವನು. ಇಂಡಿಯಾದಿಂದ ಬರೋವರೆಗೂ ಬೆಕ್ಕು ನೋಡ್ಕೋ ಅಂದ್ರು. ನೀವು?"

"ನನಗ ಅಲಮೇಲು ಆಂಟಿ ಹೇಳ್ಯಾರ."

ಗಂಡ ಹೇಳಿದ್ದು ಹೆಂಡತಿಗೆ ಗೊತ್ತಿಲ್ಲ, ಹೆಂಡತಿ ಹೇಳಿದ್ದು ಗಂಡನಿಗೆ ಗೊತ್ತಿಲ್ಲ. ನಡುವೆ ಬೆಕ್ಕು ದುಂಡಗಾಗಿತ್ತು.

"ಹಂಗಾರ, ಹಳಸಿದ್ದರ ಮ್ಯಾಲ ಹೊಸಾದು ಸುರಿಯೋರು ನೀವ!"

"ಖಾಲಿ ಆಗಿರ್ಲಿಲ್ಲ, ಸ್ವಲ್ಪ ಸೇರಿಸ್ದೆ. ನೀರೂ ಅಷ್ಟೇ."

"ಇಲ್ಲೆ ಬೆರಳ ಇಡ್ರಿ."

ಬಟ್ಟಲಿನ ಒಳಮೈಗೆ ಬೆರಳಿಟ್ಟ. ಲೋಳೆ, ಜಾರಿತು.

"ನಮ್ಮೂರಾಗ ದನಾ ನೀರ ಕುಡಿಯೂ ಕಲ್ಲಿನ ದೋಣಿನೂ ದಿನಾ ತಿಕ್ಕಿ ತೊಳದ ನೀರ ಬಿಡ್ತೀವಿ. ಇಲ್ಲಂದ್ರ ಎಮ್ಮಿ ಮೂಸೂದಿಲ್ಲ." ಹೇಳುತ್ತ ನಕ್ಕಳು. ಅವನು ಬೆರಳು ತೆಗೆಯುವುದನ್ನು ಮರೆತ.

ಹೊರಡುವಾಗ ತನ್ನ ಕೀಲಿಯನ್ನು ಅವಳ ಕೈಗಿಟ್ಟ. "ಎರಡೆರಡು ಸಲ ಉಣ್ಣಿಸೋದು ಬೇಡ. ನಾನು ಬಾಗಿಲು ತಟ್ತೀನಿ, ನೀವು ತೆಗೀರಿ."

"ಮತ್ತ ಯಾಕ ಬರ್ತೀರಿ?"

"ಬಟ್ಟಲು ತೊಳೆಯೋದು ಕಲೀಬೇಕಲ್ಲ!"

ಎರಡು ಮಹಡಿ ಕೆಳಗೆ ಅವಳ ಅಕ್ಕನ ಮನೆ. ಅಕ್ಕನ ಬಾಣಂತನ ಮಾಡಲು ಊರಿನಿಂದ ಬಂದ ನಂದಾಳಿಗೆ ಹೊರಗೆ ಕಾಲಿಡಲು ಈ ಬೆಕ್ಕೊಂದೇ ನೆಪ. ಪಾಸ್‌ಪೋರ್ಟ್ ಭಾವ ಚಂದ್ರಶೇಖರಪ್ಪನ ಕಪಾಟಿನಲ್ಲಿತ್ತು. ಊರಿಗೆ ಹೋಗುತ್ತೇನೆಂದರೆ, ವೀಸಾ ಎಕ್ಸ್‌ಟೆಂಡ್ ಮಾಡಿಸ್ತೀನಿ, ಕೂಸು ಯಾರು ನೋಡ್ತಾರ, ಅನ್ನುತ್ತಿದ್ದ.

ಸಂಜೆ ಕಿಟಕಿಯಾಚೆ ಸೇತುವೆಯ ಮೇಲೆ ಕಾರುಗಳು ಹರಿಯುತ್ತಿದ್ದವು. ಈಚೆ ಇಬ್ಬರೂ ಸಿಂಕಿನ ಮುಂದೆ.

"ನನ್ನ ವೀಸಾನೂ ಕಂಪನಿ ಕೈಲಿದೆ. ಕೇಳದೆ ಓಡಾಡೋದು ಇಲ್ಲಿ ಬೆಕ್ಕೊಂದೇ," ಅಂದ ಶಿವಕಿರಣ್.

"ಅದಕ್ಕೂ ನಾವ ಬಾಗಲಾ ಹಾಕ್ಕೊಂಡು ಹೋಗ್ತೀವಲ್ರೀ."

ಆ ವಸಂತದಲ್ಲಿ ಬೆಕ್ಕು, ನಾಯಿ ಸಾಯುತ್ತಿವೆಯೆಂದು ಹಲವು ಬಗೆಯ ಡಬ್ಬಿ ಆಹಾರವನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯುತ್ತಿದ್ದರು. ಶನಿವಾರ ಬೆಳಿಗ್ಗೆ ಸುದ್ದಿಯಲ್ಲಿ ಆ ಬೆಕ್ಕಿನ ಡಬ್ಬಿಯದೇ ಹೆಸರು ಕಂಡಿತು. ಶಿವಕಿರಣ್ ನಂದಾಳ ಅಕ್ಕನ ಮನೆಗೆ ಫೋನ್ ಮಾಡಿದರೆ ಭಾವ ಎತ್ತಿದ. ಗಂಡಸಿನ ದನಿ ಕೇಳಿ ಭಾವನೇ ರಾಂಗ್ ನಂಬರ್ ಎಂದು ಫೋನ್ ಇಟ್ಟ. ಶಿವಕಿರಣ್ ತಾನಿದ್ದ ಎಡಿಸನ್ ಊರಿನಿಂದ ಕಾರು ಓಡಿಸಿಕೊಂಡು ಬಂದು ಮೊದಲು ಬೆಕ್ಕಿನ ಮನೆ ಬಾಗಿಲು ತಟ್ಟಿದ. ತೆರೆಯಲಿಲ್ಲ. ಕೆಳಗಿಳಿದು ಅಕ್ಕನ ಮನೆಯ ಬೆಲ್ ಒತ್ತಿದ. ಭಾವ ಬಾಗಿಲು ತೆಗೆದ.

"ನಂದಾ ಇದ್ದಾರಾ? ಆ ಡಬ್ಬಿ ಹಾಕ್ಬೇಡಿ ಅನ್ನಿ. ವಿಷ ಅಂತೆ."

"ಅಯ್ಯ! ಈಗಷ್ಟ ಹಾಕಿ ಬಂದೆ!" ಒಳಗಿನಿಂದ ನಂದಾ ಓಡಿಬಂದಳು.

ಚಂದ್ರಶೇಖರಪ್ಪ ಬಾಗಿಲಿಗೆ ಕೈ ಅಡ್ಡ ಇಟ್ಟ. "ನಿಂದ್ರು. ನಿನ್ನ ಹೆಸರು ಇವಗ ಹೆಂಗ ಗೊತ್ತು?"

"ದಿನಾ ಮೇಲೆ ಸಿಗ್ತೀವಿ ಸರ್," ಶಿವಕಿರಣ್ ಅಂದ. "ಬೆಕ್ಕು ನೆಪ. ನಾನು ಬರೋದು ಇವರಿಗೋಸ್ಕರ."

"ನಂದಾ, ಒಳಗ ನಡಿ."

ನಂದಾ ಭಾವನ ತೋಳಿನಡಿ ಬಗ್ಗಿ, ಬರಿಗಾಲಲ್ಲೇ ಮೆಟ್ಟಿಲು ಹತ್ತಿದಳು.

ಬೆಕ್ಕು ಸೋಫಾದ ಮೇಲೆ ನಿದ್ದೆಯಲ್ಲಿತ್ತು. ಊಟ ಹಾಕಿದಂತೆಯೇ ಇತ್ತು. ಅದನ್ನೆಲ್ಲ ಕಸದ ಚೀಲಕ್ಕೆ ಸುರಿದು ಚೀಲದ ಬಾಯಿ ಕಟ್ಟಿದಳು. ಹಿಂದೆಯೇ ಶಿವಕಿರಣ್ ಓಡಿಬಂದ.

"ಕೆಳಗೆ ಹೇಳಿದ್ದು ನಿಜ ನಂದಾ," ಅಂದ, ಏದುಸಿರಿನಲ್ಲೇ.

"ಭಾವಗ ಹೇಳೀರಿ. ನನಗ ಎಲ್ಲಿ ಹೇಳೀರಿ?"

ಮೆಟ್ಟಿಲ ಮೇಲೆ ಭಾವನ ಹೆಜ್ಜೆ ಕೇಳಿಸಿತು. ಶಿವಕಿರಣ್ ಬಾಗಿಲ ಕಡೆ ತಿರುಗಿದ. ನಂದಾ ಅದನ್ನು ಇನ್ನಷ್ಟು ಅಗಲಕ್ಕೆ ತೆರೆದಳು.

"ಬರ್ಲಿ. ಪಾಸ್‌ಪೋರ್ಟ್ ಕೇಳೂದದ. ಅಷ್ಟ್ರಾಗ ನೀವು ಹೇಳಿ ಮುಗಸ್ರಿ."