ಹಸಿರಾದ ಬೂದು ಕಾರ್ಡು

ಹದಿನಾಲ್ಕನೇ ತಾರೀಖು ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಆ ತಾಯಿ ಠಾಣೆಗೆ ಬಂದಾಗ ಮಾತಿಗಿಂತ ಅಳುವೇ ಹೆಚ್ಚಿತ್ತು. ಬೆಳಿಗ್ಗೆ ಜಾಹೀರಾತಿನ ಫೋಟೋಗೆ ಹೋದ ಮಗಳು ಎರಡೂ ಕೆನ್ನೆ ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದಳು. ಮೇಕಪ್‌ನವಳೇ ಏನೋ ಹಚ್ಚಿದ್ದಾಳೆಂದು ದೂರು. ಎಫ್‌ಐಆರ್ ಆಯಿತು. ಸ್ಟುಡಿಯೋದಲ್ಲಿ ಪಂಚನಾಮೆ ನಡೆಸಿ ಕ್ರೀಮು, ಬ್ರಷ್ಷು, ಬಾಟಲಿಗಳನ್ನೆಲ್ಲ ಸೀಲು ಮಾಡಿದರು.

ಯಾರೂ ಕೇಳುವ ಮೊದಲೇ ಫೋಟೋಗ್ರಾಫರ್ ಒಂದು ಫೋಟೋ ಕೊಟ್ಟ. ಮೇಕಪ್‌ಗೆ ಮುಂಚೆ, ಹತ್ತೂ ಐದಕ್ಕೆ ತೆಗೆದದ್ದು. ಹುಡುಗಿಯ ಕೈಯಲ್ಲೊಂದು ಕಾರ್ಡು, ಮುಖದಲ್ಲಿ ಒಂದು ಕಲೆಯೂ ಇಲ್ಲ. ಇನ್‌ಸ್ಪೆಕ್ಟರ್‌ಗೆ ಅಷ್ಟು ಸಾಕಿತ್ತು. ಮೇಕಪ್‌ನವಳನ್ನು ಕರೆಸಿ ಕೂರಿಸಿದರು. ಒಳಗೆ ಹಾಕುವುದೊಂದೇ ಬಾಕಿ.

"ಏನು ಬೆರೆಸಿದೆ?"

"ಏನೂ ಇಲ್ಲ ಸಾರ್. ಅದೇ ಡಬ್ಬಿಯಿಂದ ನಿನ್ನೆ ನನ್ನ ಮಗಳಿಗೂ ಹಚ್ಚಿದೀನಿ. ನಾನು ಹಚ್ಚೋ ಮುಂಚೇನೇ ಕೆನ್ನೆ ಕೆಂಪಗಿತ್ತು, ಬಿಸಿಲಿಗೆ ಅಂದ್ಕೊಂಡೆ."

"ಹಾಗಾದ್ರೆ ಇದೇನು?" ಫೋಟೋ ಮುಂದೆ ತಳ್ಳಿದರು.

ಅವಳು ಕಣ್ಣೊರೆಸಿಕೊಂಡು ನೋಡಿದಳು. "ಅಯ್ಯೋ, ಕಾರ್ಡು ಹಸಿರಾಗಿದೆಯಲ್ಲ ಸಾರ್! ಇದು ಬೂದು ಬಣ್ಣದ್ದು. ಫ್ಲ್ಯಾಷ್‌ನಲ್ಲಿ ಮೇಕಪ್ ಬಣ್ಣ ಕೆಡುತ್ತೆ ಅಂತ ಮೊದಲ ಫೋಟೋಗೆ ಇದನ್ನ ಹಿಡಿಸ್ತೀವಿ. ಇದು ಬೂದು ಕಂಡ್ರೆ ಮುಖದ ಬಣ್ಣ ನಿಜ. ಇಲ್ಲದಿದ್ರೆ ಯಾರೋ ಬಣ್ಣ ತಿದ್ದಿದಾರೆ ಅಂತಾನೇ."

ಠಾಣೆಯ ಕಂಪ್ಯೂಟರ್ ನೋಡಿಕೊಳ್ಳುವ ಕಾನ್‌ಸ್ಟೇಬಲ್, ಎಲ್ಲರ ಬಾಯಲ್ಲೂ 'ಮೌಸ್ ಮಾಮ', ಪರದೆಯ ಮೇಲೆ ಬಣ್ಣ ಸರಿಮಾಡಿ ಕಾರ್ಡನ್ನು ಬೂದಿಗೆ ತಂದ. ಅದರ ಜೊತೆಗೇ ಕೆನ್ನೆಗಳ ಮೇಲೆ ಕೆಂಪು ಎದ್ದು ಬಂತು.

"ಬ್ರಷ್ ಮುಟ್ಟೋಕೆ ಮುಂಚೇನೇ ಸುಟ್ಟಿದೆ ಸಾರ್!" ಎಂದ ಮೌಸ್ ಮಾಮ.

ಇನ್‌ಸ್ಪೆಕ್ಟರ್ ಮುಖ ಸಣ್ಣದಾಯಿತು. ಎಂಥ ಎಡವಟ್ಟು ಮಾಡಲು ಹೊರಟಿದ್ದೆ ಎಂದುಕೊಂಡು ಆಸ್ಪತ್ರೆಗೆ ಫೋನು ಮಾಡಿದರು. ಹುಡುಗಿ ಕಷ್ಟಪಟ್ಟು ಹೇಳಿದಳು: "ಎಣ್ಣೆ ಮುಖ ಫ್ಲ್ಯಾಷ್‌ಗೆ ಹೊಳೆಯುತ್ತೆ ಅಂತ ಫೋಟೋ ಅಂಕಲ್ಲೇ ಬಟ್ಟೆ ಅದ್ದಿ ಒರೆಸಿದ್ರು. ಆಗಲೇ ಚುರ್ ಅಂತು. ಹೇಳೋಕೆ ಸಂಕೋಚ ಆಯ್ತು."

ನಾಲ್ಕೂವರೆಗೆ ಫೋಟೋಗ್ರಾಫರ್ ಬಂದ. ಅವನು ಕೊಟ್ಟ ಫೋಟೋವನ್ನೇ ತೋರಿಸಿದರು.

"ಈ ಕಾರ್ಡು ಯಾವ ಬಣ್ಣ?"

"ಬೂದು ಸಾರ್."

ಮೌಸ್ ಮಾಮ ಬಾಯಿ ತೆರೆದ. ಇನ್‌ಸ್ಪೆಕ್ಟರ್ ಕಣ್ಣಲ್ಲೇ ಸುಮ್ಮನಿರಿಸಿದರು. ಸೀಲು ಮಾಡಿದ್ದರಲ್ಲಿ ಒಂದೇ ಅಳತೆಯ ಎರಡು ಬಾಟಲಿ ಮೇಜಿನ ಮೇಲಿಟ್ಟರು. ಮುಖ ಒರೆಸುವ ನೀರಿನದು ಹಸಿರು ಮುಚ್ಚಳ, ನೆಲ ತೊಳೆಯುವ ದ್ರಾವಣದ್ದು ನೀಲಿ.

"ಮುಖಕ್ಕೆ ಯಾವುದು?"

ಅವನ ಕೈ ಎರಡರ ನಡುವೆ ಅಲೆದಾಡಿ ನಿಂತುಬಿಟ್ಟಿತು. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು, ಹಸಿರು, ನೀಲಿ, ಬೂದು ಎಲ್ಲ ಒಂದೇ ಥರ ಕಾಣುತ್ತವೆ ಎಂದ. ಮೇಕಪ್ ಹಚ್ಚುವಾಗ ಹುಡುಗಿ ಕಿರುಚಿಕೊಂಡ ಮೇಲೆ ಕಂಪ್ಯೂಟರ್‌ನಲ್ಲಿ ಮೊದಲ ಫೋಟೋ ತೆರೆದು ನೋಡಿ ತಪ್ಪು ತನ್ನದೆಂದು ತಿಳಿದನಂತೆ. ಫೋಟೋದ ಕೆಂಪನ್ನೆಲ್ಲ ಇಳಿಸಿದ್ದೂ ತಾನೇ ಎಂದ.

"ಬಣ್ಣ ಕಾಣದ ಫೋಟೋಗ್ರಾಫರ್‌ನ ಯಾರು ಕರೀತಾರೆ ಸಾರ್? ನನಗೆ ಬೇರೆ ಕೆಲಸ ಬರಲ್ಲ."

ಐದೂ ನಲವತ್ತಕ್ಕೆ ಬಂಧನ. ಅಜಾಗರೂಕತೆಯಿಂದ ಗಾಯ, ಸಾಕ್ಷ್ಯ ತಿದ್ದಿದ್ದು ಎಂದು ಬರೆದುಕೊಂಡರು.

ಮನೆಗೆ ಹೊರಟ ಮೇಕಪ್‌ನವಳು ಅವನ ಮುಂದೆ ನಿಂತಳು. "ಹದಿನೆಂಟು ವರ್ಷ ಜೊತೆಗೆ ಕೆಲಸ ಮಾಡಿದ್ವಿ ಅಣ್ಣ. ಹೇಳಿದ್ರೆ ಬಣ್ಣ ನಾನು ನೋಡಿ ಹೇಳ್ತಿರಲಿಲ್ವಾ? ನಾನು ಜೈಲಿಗೆ ಹೋದ್ರೂ ಸರಿ ಅಂದುಕೊಂಡ್ಯಲ್ಲ."